ಪುಸ್ತಕದ ಹೊರೆ ಹೊತ್ತ ಗಳಗನಾಥರು

ಸ್ಮರಣ ಸಂಚಿಕೆಗೆ ಲೇಖನ ಕೇಳಲು ಹೋದಾಗ ನಮ್ಮ ಪುಣೆಯ ಕನ್ನಡ ಬಂಧುಗಳಲ್ಲಿ ಹಲವರಿಂದ ನಾವು ಕೇಳುವ ಮಾತು ಎರಡೇ. ಬರೆಯಲು ಹೊತ್ತಿಲ್ಲವೆಂಬುದೊಂದು, ಬರೆದರೂ ಈ ಪರಸ್ಥಳದಲ್ಲಿ ಓದುವವರಾರು ಎಂಬುದಿನ್ನೊಂದು. ಈ ಕೊರಗು ಸುಳ್ಳೆಂದು ನಾವು ಹೇಳಲಾರೆವು. ದಿನವೆಲ್ಲ ದುಡಿದು, ಬಸ್ಸಿನ ನೂಕುನುಗ್ಗಲಲ್ಲಿ ಮನೆ ಸೇರಿದವನ ಕೈಗೆ ಲೇಖನಿಯೂ ಭಾರವೇ. ಆದರೆ ಇವೇ ಎರಡು ಕೊರತೆಗಳ ನಡುವೆ ಬಾಳಿ, ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟ ಹಿರಿಯರೊಬ್ಬರನ್ನು ರಾಜ್ಯೋತ್ಸವದ ಈ ಹೊತ್ತಿನಲ್ಲಿ ನೆನೆಯೋಣ. ಅವರೇ ಗಳಗನಾಥರು.

ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು ೧೮೬೯ರಲ್ಲಿ, ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥವೆಂಬ ಗ್ರಾಮದಲ್ಲಿ. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಆ ಊರು ಅಂದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು. ಊರ ಹೆಸರನ್ನೇ ಅವರು ಕಾವ್ಯನಾಮವಾಗಿ ಧರಿಸಿದರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಶಾಲಾಮಾಸ್ತರರಾದರು. ಆಗಿನ ಮಾಸ್ತರರ ಸಂಬಳವೆಷ್ಟು, ಸಂಸಾರದ ಹೊರೆಯೆಷ್ಟು ಎಂಬುದನ್ನು ನಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳಿಗೆ ಪಾಠ ಹೇಳುವ ಆ ಕೆಲಸದ ಜೊತೆಯಲ್ಲೇ ಅವರು ಬರೆಯತೊಡಗಿದರು. ೧೮೯೮ರಲ್ಲಿ ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ ಹೊರಬಂದಿತು. ಬಿಡುವು ಸಿಕ್ಕಲೆಂದು ಕಾದಿದ್ದರೆ ಆ ಕಾದಂಬರಿ ಹುಟ್ಟುತ್ತಿರಲಿಲ್ಲ.

ಇನ್ನು ಓದುಗರ ಮಾತು. ಆ ಕಾಲದಲ್ಲಿ ಧಾರವಾಡದ ಕಡೆಯ ಅಕ್ಷರಸ್ಥರ ಮನೆಗಳಲ್ಲಿ ಮರಾಠಿಯದೇ ಮೇಲುಗೈ. ನಾಟಕ ಮರಾಠಿ, ಕಾದಂಬರಿ ಮರಾಠಿ. ಮನೆಯಲ್ಲಿ ಕನ್ನಡವಾಡುವವರೂ ಓದುವುದಕ್ಕೆ ಮರಾಠಿ ಪುಸ್ತಕವನ್ನೇ ಹಿಡಿಯುತ್ತಿದ್ದರು. ಗಳಗನಾಥರು ಇದಕ್ಕಾಗಿ ಮರಾಠಿಯನ್ನು ಹಳಿಯುತ್ತ ಕೂಡಲಿಲ್ಲ, ಅದರಿಂದ ಕಲಿತರು. ನಮ್ಮ ಈ ಪುಣೆಯಲ್ಲೇ ಆನಂದಾಶ್ರಮದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹರಿನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಪತನವನ್ನು ಕುರಿತ ಆಪಟೆಯವರ ‘ವಜ್ರಾಘಾತ’ವು ಅವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. ಹೆಸರು ಬದಲಾದುದನ್ನು ಗಮನಿಸಬೇಕು. ೧೫೬೫ರಲ್ಲಿ ಬಿದ್ದ ಸಾಮ್ರಾಜ್ಯ ತಮ್ಮದಾಗಿತ್ತೆಂಬುದನ್ನು ಎಷ್ಟೋ ಕನ್ನಡಿಗರು ಆ ಪುಸ್ತಕ ಓದಿ ಮನಗಂಡರು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇದರಲ್ಲೊಂದು ಪಾಠವಿದೆ. ನೆರೆಯ ಭಾಷೆಯನ್ನು ಬಲ್ಲವನ ಮನೆಗೆ ಎರಡು ಬಾಗಿಲು. ಒಂದರಿಂದ ಬಂದುದನ್ನು ನಮ್ಮ ನಡುಮನೆಗೆ ತರುವುದು ನಮ್ಮ ಕೆಲಸ.

೧೯೦೭ರಲ್ಲಿ ಹಾವೇರಿಯ ಬಳಿಯ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದಕ್ಕೆ ಹೆಗಲು ಕೊಟ್ಟರು. ಅವರ ಕಾದಂಬರಿಗಳು ಅದರಲ್ಲಿ ತಿಂಗಳು ತಿಂಗಳೂ ಕಂತುಗಳಾಗಿ ಬಂದವು. ಉತ್ಸಾಹ ಬಂದಾಗ ನೂರು ಪುಟ, ಬಾರದಾಗ ಶೂನ್ಯ ಎಂಬ ರೀತಿ ಅಲ್ಲಿ ನಡೆಯುವಂತಿರಲಿಲ್ಲ. ಹಳ್ಳಿಯ ಕಟ್ಟೆಯಲ್ಲಿ ಮುಂದಿನ ಕಂತಿಗಾಗಿ ಜನ ಕಾದಿರುವಾಗ ಬರೆಯುವವನು ತಪ್ಪಿಸಿಕೊಳ್ಳುವುದೆಂತು? ಹೀಗೆ ಕಂತುಕಂತಾಗಿ ಬೆಳೆದ ಅವರ ಕಾದಂಬರಿಗಳು ಇಪ್ಪತ್ತನ್ನು ಮೀರಿದವು. ವಿಜಯನಗರದ ಸ್ಥಾಪನೆಯನ್ನು ವಸ್ತುವಾಗುಳ್ಳ ‘ಮಾಧವ ಕರುಣಾವಿಲಾಸ’ ೧೯೨೩ರಲ್ಲಿ ಪ್ರಕಟವಾದಾಗ ಅವರ ವಯಸ್ಸು ಐವತ್ತನ್ನು ದಾಟಿತ್ತು. ವಯಸ್ಸಾಯಿತೆಂದು ಲೇಖನಿ ಕೆಳಗಿಟ್ಟವರು ಇದನ್ನು ನೆನೆಯಲಿ.

ಇಷ್ಟಾದರೂ ಪುಸ್ತಕ ಕೊಳ್ಳುವವರು ತಾವಾಗಿ ಬರಲಿಲ್ಲ. ಆಗ ಅವರು ಮಾಡಿದ ಕೆಲಸವೇ ಕನ್ನಡನಾಡಿನಲ್ಲಿ ದಂತಕಥೆಯಂತೆ ಉಳಿದಿದೆ. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದರು; ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು. ಬರೆದ ಕೈಗೆ ಹೊರುವುದು ಅವಮಾನವೆಂದು ಅವರಿಗೆ ತೋರಲಿಲ್ಲ.

ಈ ಪ್ರಸಂಗವನ್ನು ನೆನೆದಾಗಲೆಲ್ಲ ನಮಗೆ ನಾಚಿಕೆಯಾಗುತ್ತದೆ. ನಾವೂ ಒಮ್ಮೆ ಕೈಯಿಂದ ಹಣ ಹಾಕಿ ಪುಸ್ತಕವೊಂದನ್ನು ಅಚ್ಚುಹಾಕಿಸಿದ್ದೆವು. ಪ್ರತಿಗಳನ್ನು ಮಂಚದ ಕೆಳಗಿಟ್ಟು, ಕನ್ನಡಿಗರು ಓದುವುದಿಲ್ಲವೆಂದು ಬಂದವರೆದುರೆಲ್ಲ ಬೈದೆವು. ನಮ್ಮ ಓಣಿಯಲ್ಲೇ ಇದ್ದ ನಾಲ್ಕು ಕನ್ನಡ ಮನೆಗಳ ಬಾಗಿಲನ್ನು ಮಾತ್ರ ತಟ್ಟಿರಲಿಲ್ಲ.

ಇಷ್ಟು ದುಡಿದ ಗಳಗನಾಥರು ಹಣವಂತರಾಗಲಿಲ್ಲ. ೧೯೪೨ರಲ್ಲಿ ತೀರಿಕೊಂಡರು, ಕರ್ನಾಟಕದ ಏಕೀಕರಣವನ್ನು ಕಣ್ಣಾರೆ ಕಾಣಲಿಲ್ಲ. ಅವರ ಪುಸ್ತಕಗಳೆಲ್ಲ ಇಂದಿಗೂ ರುಚಿಸುವುವೆಂದೂ ನಾವು ಹೇಳುವುದಿಲ್ಲ. ಉಪದೇಶದ ಭಾರ ಕೆಲವೆಡೆ ಹೆಚ್ಚೇ. ಆದರೂ ಕಾದಂಬರಿ ಪಿತಾಮಹರೆಂದು ನಾಡು ಅವರನ್ನು ಕರೆಯಿತು. ಅವರು ಕೂಡಿಸಿಟ್ಟ ಓದುಗರ ಬಳಗವೇ ಮುಂದೆ ಬಂದ ಲೇಖಕರಿಗೆಲ್ಲ ಆಸ್ತಿಯಾಯಿತು.

ಆದುದರಿಂದ ನಮ್ಮ ಬರಹಗಾರ ಬಂಧುಗಳಲ್ಲಿ ಬಿನ್ನಹವಿಷ್ಟೆ. ದಿನಕ್ಕೊಂದು ಪುಟವಾದರೂ ಬರೆಯೋಣ. ಮರಾಠಿಯಲ್ಲಿ ಕಂಡ ಒಳ್ಳೆಯದನ್ನು ಕನ್ನಡಕ್ಕೆ ತರೋಣ. ಬರೆದುದನ್ನು ಹೊತ್ತು, ಅಕ್ಷರ ಮರೆಯುತ್ತಿರುವ ನಮ್ಮ ಮಕ್ಕಳಿರುವ ಮನೆಗಳಿಗೆ ಹೋಗೋಣ. ಅವರು ಓದಲಾರದಿದ್ದರೆ ಕೂತು ಓದಿ ಹೇಳೋಣ. ಕೇಳಿ ರುಚಿ ಹತ್ತಿದ ಮಗು ನಾಳೆ ಅಕ್ಷರವನ್ನು ತಾನೇ ಕೇಳೀತು.