ಡಾ. ಕಮಲಾ ಸೊಹೋನಿ: ಬೆಂಗಳೂರಿನ ಬಾಗಿಲು ತೆರೆಸಿದ ಮುಂಬಯಿಯ ವಿಜ್ಞಾನಿ

ಮುಂಬಯಿಯ ಕೋಟೆ ಪ್ರದೇಶದ ಕಚೇರಿಗಳಲ್ಲಿ ದುಡಿದ ಕನ್ನಡಿಗರಿಗೆ ಮಾದಾಮ್ ಕಾಮಾ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಕಟ್ಟಡ ಅಪರಿಚಿತವಲ್ಲ. ಗೇಟ್‌ವೇ ಆಫ್ ಇಂಡಿಯಾದ ವಿನ್ಯಾಸ ರೂಪಿಸಿದ ಜಾರ್ಜ್ ವಿಟೆಟ್ ಅವರೇ ಇದರ ವಾಸ್ತುಶಿಲ್ಪಿ. 1920ರಲ್ಲಿ ಪೂರ್ಣಗೊಂಡ ಈ ಕಲ್ಲಿನ ಸೌಧದ ಮುಂದೆ ನಾವು ಎಷ್ಟೋ ಸಲ ಅವಸರದಿಂದ ಹಾದುಹೋಗಿದ್ದೇವೆ. ಇದರೊಳಗೆ ಜೀವರಸಾಯನ ವಿಭಾಗವನ್ನು ಬೆಳೆಸಿ, ಮುಂದೆ ಸಂಸ್ಥೆಯ ನಿರ್ದೇಶಕಿಯೂ ಆದ ಡಾ. ಕಮಲಾ ಸೊಹೋನಿಯವರ ಹೆಸರು ಮಾತ್ರ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಅವರ ಸಂಶೋಧನಾ ಜೀವನದ ಮೊದಲ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಆದ್ದರಿಂದ ಒಳನಾಡು, ಹೊರನಾಡು ಎರಡನ್ನೂ ತಮ್ಮದೆಂದು ತಿಳಿದಿರುವ ಮುಂಬಯಿ ಕನ್ನಡಿಗರು ಈ ಮಹಾರಾಷ್ಟ್ರದ ವಿದುಷಿಯನ್ನು ನೆನೆಯುವುದು ಉಚಿತವೇ ಆಗಿದೆ.

ಕಮಲಾ ಭಾಗವತ್ ಜನಿಸಿದ್ದು 1911ರ ಜೂನ್ 18ರಂದು, ಇಂದೂರಿನಲ್ಲಿ. ತಂದೆ ನಾರಾಯಣರಾವ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರಂಭದ ವಿದ್ಯಾರ್ಥಿಗಳಲ್ಲಿ ಸೇರಿದವರು. ಮುಂಬಯಿಯ ಜಮ್‌ಷೆಟ್‌ಜಿ ಟಾಟಾ ಅವರ ಕನಸಿಗೆ ಮೈಸೂರು ಅರಸರು 371 ಎಕರೆ ಭೂಮಿ ನೀಡಿ ನೆಲೆ ಒದಗಿಸಿದ ಈ ಸಂಸ್ಥೆಯನ್ನು ಬೆಂಗಳೂರಿನ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅದು ತನ್ನ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ವರ್ಷವೇ ಕಮಲಾ ಹುಟ್ಟಿದ್ದು. ಮರಾಠಿಯ ಖ್ಯಾತ ಲೇಖಕಿ, 1975ರಲ್ಲಿ ಕರಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ, ತುರ್ತು ಪರಿಸ್ಥಿತಿಯನ್ನು ನಿರ್ಭೀತಿಯಿಂದ ವಿರೋಧಿಸಿದ ದುರ್ಗಾ ಭಾಗವತ್ ಇವರ ಅಕ್ಕ. ಅಂಜದ ಸ್ವಭಾವ ಆ ಮನೆಯ ಹೆಣ್ಣುಮಕ್ಕಳಿಗೆ ಸಹಜವಾಗಿಯೇ ಬಂದಿತ್ತೆನ್ನಬೇಕು.

1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದಿಂದ ರಸಾಯನ ವಿಜ್ಞಾನವನ್ನು ಮುಖ್ಯ ವಿಷಯವಾಗಿಟ್ಟುಕೊಂಡು ಬಿ.ಎಸ್ಸಿ. ಪದವಿ ಪಡೆದರು. ಯೋಗ್ಯತಾ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ತಂದೆ, ಚಿಕ್ಕಪ್ಪ ಕಲಿತ ಸಂಸ್ಥೆಯಲ್ಲಿಯೇ ಸಂಶೋಧನೆ ನಡೆಸಬೇಕೆಂಬ ಹಂಬಲದಿಂದ ಬೆಂಗಳೂರಿಗೆ ಅರ್ಜಿ ಹಾಕಿದರು. ಅದೇ ವರ್ಷ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್. ಅರ್ಜಿ ತಿರಸ್ಕೃತವಾಯಿತು. ಅಂಕಗಳ ಕೊರತೆಯಿಂದಲ್ಲ, ಅರ್ಜಿದಾರಳು ಹೆಣ್ಣು ಎಂಬ ಒಂದೇ ಕಾರಣದಿಂದ.

ಇಂಥ ಉತ್ತರ ಬಂದಾಗ ಮನೆಯವರ ಸಮಾಧಾನದ ಮಾತು ಕೇಳಿ ಬೇರೆ ದಾರಿ ಹುಡುಕಿಕೊಂಡ ಹುಡುಗಿಯರು ಆ ಕಾಲದಲ್ಲಿ ಎಷ್ಟಿದ್ದರೋ ಲೆಕ್ಕವಿಲ್ಲ. ಕಮಲಾ ನೇರವಾಗಿ ಬೆಂಗಳೂರಿಗೆ ಬಂದು ರಾಮನ್ ಅವರ ಎದುರಿಗೇ ನಿಂತರು. ಹೆಣ್ಣೆಂಬ ಕಾರಣಕ್ಕೆ ಬಾಗಿಲು ಮುಚ್ಚುವುದು ನ್ಯಾಯವೇ ಎಂದು ಕೇಳಿದರು. ಗಾಂಧೀಜಿಯವರ ಸತ್ಯಾಗ್ರಹದ ಹಾದಿ ಅವರಿಗೆ ಮಾದರಿಯಾಗಿತ್ತು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳೊಡನೆ. ಮೊದಲ ಒಂದು ವರ್ಷ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಪರಿಗಣಿಸುವುದಿಲ್ಲ. ಕೆಲಸ ತೃಪ್ತಿಕರವೆಂದು ಕಂಡ ಮೇಲಷ್ಟೇ ಮಾನ್ಯತೆ. ಮಾರ್ಗದರ್ಶಕರು ಹೇಳಿದಾಗ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಅವರ ಇರವಿನಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು. ಈ ಕೊನೆಯ ಷರತ್ತು ಕಮಲಾ ಅವರನ್ನು ಬಹಳ ನೋಯಿಸಿತು. ನೋವನ್ನು ನುಂಗಿಕೊಂಡು ಅವರು ಎಲ್ಲಕ್ಕೂ ಒಪ್ಪಿಗೆ ಕೊಟ್ಟರು.

ಅವರ ಅದೃಷ್ಟಕ್ಕೆ ಮಾರ್ಗದರ್ಶಕರಾಗಿ ದೊರೆತವರು ಎಂ. ಶ್ರೀನಿವಾಸಯ್ಯ. ಮೈಸೂರು ಸೀಮೆಯ ಶ್ರೀಗಂಧದ ಮರಗಳನ್ನು ಕಾಡುತ್ತಿದ್ದ ಸ್ಪೈಕ್ ರೋಗದ ಬಗ್ಗೆ ಅಧ್ಯಯನ ನಡೆಸಿದ್ದ ಈ ವಿಜ್ಞಾನಿ ಶಿಸ್ತಿನಲ್ಲಿ ಕಠಿಣರು, ಕಲಿಯುವವರ ಪಾಲಿಗೆ ಉದಾರಿಗಳು. ಅವರ ಬಳಿ ಕಮಲಾ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಬೇರ್ಪಡಿಸಿ ಪರಿಶೀಲಿಸುವ ಕೆಲಸಕ್ಕೆ ತೊಡಗಿದರು. ಬಡವರ ತಟ್ಟೆಯಲ್ಲಿ ಮಾಂಸ, ಮೊಟ್ಟೆ ಕಾಣದ ದೇಶದಲ್ಲಿ ಬೇಳೆಯೊಳಗೆ ಏನಿದೆ ಎಂಬುದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರಿಗೆ ಸಂಶಯ ಉಳಿಯಲಿಲ್ಲ. ಕಮಲಾ ಅವರಿಗೆ ಪೂರ್ಣ ಮಾನ್ಯತೆ ಸಿಕ್ಕಿತು. 1936ರಲ್ಲಿ ಉನ್ನತ ದರ್ಜೆಯಲ್ಲಿ ಎಂ.ಎಸ್ಸಿ. ಪದವಿಯೂ ಬಂತು. ಅದಕ್ಕಿಂತ ಮುಖ್ಯವಾಗಿ, ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. 1940ರಲ್ಲಿ ರಾಮನ್ ಅವರದೇ ಪ್ರಯೋಗಾಲಯಕ್ಕೆ ಅನ್ನಾ ಮಣಿ ಬಂದರು. 1943ರಲ್ಲಿ ನಮ್ಮ ನಂಜನಗೂಡಿನ ರಾಜೇಶ್ವರಿಯವರು ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿ, ಮುಂದೆ ರಾಜೇಶ್ವರಿ ಚಟರ್ಜಿ ಎಂಬ ಹೆಸರಿನಿಂದ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಪ್ರಸಿದ್ಧರಾದರು. ಇವರೆಲ್ಲ ಒಳಹೊಕ್ಕ ಬಾಗಿಲಿನ ಚಿಲಕ ಸರಿಸಿದ ಕೈ ಕಮಲಾ ಅವರದು.

1937ರ ಕೊನೆಗೆ ಕಮಲಾ ಇಂಗ್ಲೆಂಡಿನ ಕೇಂಬ್ರಿಜ್ ತಲುಪಿದರು. ವಿಟಮಿನ್‌ಗಳ ಕುರಿತ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪಡೆದ ಫ್ರೆಡರಿಕ್ ಹಾಪ್ಕಿನ್ಸ್ ಅವರ ಪ್ರಯೋಗಾಲಯದಲ್ಲಿ ಮೊದಲು ಡೆರೆಕ್ ರಿಕ್ಟರ್ ಅವರ ಜೊತೆ, ಅನಂತರ ಸಸ್ಯಗಳ ಕುರಿತು ರಾಬಿನ್ ಹಿಲ್ ಅವರ ಜೊತೆ ಕೆಲಸ ಮಾಡಿದರು. ಅವರ ಹೆಸರನ್ನು ವಿಜ್ಞಾನದಲ್ಲಿ ಉಳಿಸಿದ ಶೋಧ ನಡೆದದ್ದು ಇಲ್ಲಿಯೇ. ಅದನ್ನು ತುಸು ವಿವರವಾಗಿ ನೋಡೋಣ.

ನಾವು ಉಸಿರಾಡಿದ ಆಮ್ಲಜನಕ ಜೀವಕೋಶಕ್ಕೆ ಹೋಗಿ ಮಾಡುವುದೇನು? ಉಂಡ ಆಹಾರದಿಂದ ಶಕ್ತಿ ಬಿಡುಗಡೆಯಾಗುವಾಗ ಇಲೆಕ್ಟ್ರಾನ್‌ಗಳು ಒಂದು ಅಣುವಿನಿಂದ ಇನ್ನೊಂದಕ್ಕೆ ಕೈಬದಲಾಗುತ್ತ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಈ ಸಾಲಿನ ಒಂದು ಮುಖ್ಯ ಕೊಂಡಿ ಸೈಟೋಕ್ರೋಮ್ ಸಿ ಎಂಬ ಪುಟ್ಟ ಪ್ರೋಟೀನು. ಅದರ ಒಡಲಲ್ಲಿರುವುದು ಕಬ್ಬಿಣದ ಒಂದೇ ಒಂದು ಪರಮಾಣು. ಬ್ಯಾಂಕಿನ ನಗದು ಗುಮಾಸ್ತನು ಒಂದು ಕೈಯಲ್ಲಿ ಸ್ವೀಕರಿಸಿದ ಹಣವನ್ನು ತನ್ನದೆನ್ನದೆ ಇನ್ನೊಂದು ಕೈಯಲ್ಲಿ ಪಾವತಿ ಮಾಡುವಂತೆ, ಈ ಕಬ್ಬಿಣವು ಇಲೆಕ್ಟ್ರಾನನ್ನು ಪಡೆದು ಮುಂದಿನವರಿಗೆ ಒಪ್ಪಿಸುತ್ತದೆ. ಆ ಮುಂದಿನವರು ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ. ಅದರಲ್ಲಿ ಕಬ್ಬಿಣದ ಜೊತೆಗೆ ತಾಮ್ರವೂ ಇದೆ. ಸಯನೈಡ್ ವಿಷ ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯುವುದು ಈ ಕಿಣ್ವದ ಕಬ್ಬಿಣಕ್ಕೆ ಅಂಟಿಕೊಂಡು ವ್ಯವಹಾರವನ್ನೇ ನಿಲ್ಲಿಸಿಬಿಡುವುದರಿಂದ.

ಸೈಟೋಕ್ರೋಮ್‌ಗಳನ್ನು ಕೇಂಬ್ರಿಜ್‌ನ ಡೇವಿಡ್ ಕೀಲಿನ್ 1925ರಲ್ಲಿ ಲೋಕದ ಗಮನಕ್ಕೆ ತಂದಿದ್ದರು. ಕೀಟಗಳ ಸ್ನಾಯು, ಯೀಸ್ಟ್ ಮೊದಲಾದವುಗಳಲ್ಲಿ ಅವು ಸ್ಪಷ್ಟವಾಗಿ ಕಾಣುತ್ತಿದ್ದವು. ಹಸಿರು ಗಿಡಗಳ ಉಸಿರಾಟದಲ್ಲಿ ಅವುಗಳ ಪಾತ್ರವೇನು ಎಂಬುದು ಮಾತ್ರ ಇನ್ನೂ ನಿಚ್ಚಳವಾಗಿರಲಿಲ್ಲ. ಕಮಲಾ ಆರಿಸಿಕೊಂಡದ್ದು ಅಡುಗೆಮನೆಯ ಆಲೂಗಡ್ಡೆಯನ್ನು. ಅದರ ಅಂಗಾಂಶದಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ಅವರು ಕಂಡುಕೊಂಡರು. ಸಸ್ಯಕೋಶಗಳೂ ಉಸಿರಾಟಕ್ಕೆ ಇದೇ ಪ್ರೋಟೀನನ್ನು ಬಳಸುತ್ತವೆಂದು ತೋರಿಸಿದರು. ಹೂಬಿಡುವ ಸಸ್ಯಗಳಲ್ಲಿನ ಸೈಟೋಕ್ರೋಮ್ ಆಕ್ಸಿಡೇಸ್ ಕುರಿತು ಹಿಲ್ ಮತ್ತು ಕಮಲಾ ಬರೆದ ಟಿಪ್ಪಣಿ 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನೆಲದಡಿಯ ಗೆಡ್ಡೆಯೂ ಅದನ್ನು ಅಗೆಯುವ ಮನುಷ್ಯನೂ ಉಸಿರಾಡುವುದು ಒಂದೇ ಬಗೆಯ ಕಬ್ಬಿಣದ ನೆರವಿನಿಂದ ಎಂಬುದು ಎಂಥ ಅರಿವು! 1960ರ ದಶಕದಲ್ಲಿ ವಿಜ್ಞಾನಿಗಳು ಬೇರೆ ಬೇರೆ ಜೀವಿಗಳ ಸೈಟೋಕ್ರೋಮ್ ಸಿ ಯನ್ನು ಹೋಲಿಸಿ ಜೀವಕುಲದ ವಂಶವೃಕ್ಷವನ್ನು ಬರೆಯುವ ಪ್ರಯತ್ನ ನಡೆಸಿದರು.

ಕಮಲಾ ಅವರ ಪಿಎಚ್.ಡಿ. ಪ್ರಬಂಧ ಸುಮಾರು 40 ಪುಟಗಳದ್ದು. ಅದು ಸಿದ್ಧವಾದದ್ದು 14 ತಿಂಗಳಲ್ಲಿ. 1939ರಲ್ಲಿ ಪದವಿ ದೊರೆಯಿತು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಹಲವೆಡೆ ಬಣ್ಣಿಸಲಾಗಿದೆ. ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ 1931ರಲ್ಲಿಯೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದಿದ್ದರಿಂದ ಈ ಮಾತನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ. ಕಮಲಾ ಅವರ ಸಾಧನೆ ದೊಡ್ಡದೆನಿಸಲು ಆ ಬಿರುದಿನ ಅಗತ್ಯವೂ ಇಲ್ಲ.

ವಿದೇಶದಲ್ಲಿ ಉಳಿಯದೆ 1939ರಲ್ಲಿಯೇ ಅವರು ತಾಯ್ನಾಡಿಗೆ ಮರಳಿದರು. ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾಗಿ, ಬಳಿಕ ಕೂನೂರಿನ ಪೋಷಣಾ ಸಂಶೋಧನಾಲಯದ ಸಹಾಯಕ ನಿರ್ದೇಶಕಿಯಾಗಿ ಸೇವೆ ಸಲ್ಲಿಸಿದರು. 1947ರಲ್ಲಿ ವಿಮಾಗಣಕರಾಗಿದ್ದ ಎಂ.ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಗೆ ಬಂದು ನೆಲೆಸಿದರು. ಆಗ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಎನಿಸಿದ್ದ ಸಂಸ್ಥೆಯ ಜೀವರಸಾಯನ ವಿಭಾಗ ಅವರ ಮುಂದಿನ ಕರ್ಮಭೂಮಿಯಾಯಿತು.

ಇಲ್ಲಿ ಅವರು ಮತ್ತೆ ಹಿಡಿದದ್ದು ಬೆಂಗಳೂರಿನಲ್ಲಿ ಬಿಟ್ಟು ಹೋಗಿದ್ದ ಬೇಳೆಕಾಳುಗಳ ಜಾಡನ್ನು. ಕಾಳುಗಳಲ್ಲಿ ಪ್ರೋಟೀನು ಧಾರಾಳವಾಗಿದ್ದರೂ ಅದು ಪೂರ್ತಿಯಾಗಿ ಮೈಗೆ ಹತ್ತದಿರಲು ಕಾರಣವೇನು? ನಮ್ಮ ಜೀರ್ಣಾಂಗದ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ವಸ್ತುಗಳು ಕೆಲವು ಕಾಳುಗಳಲ್ಲಿಯೇ ಇವೆ. ಮರಾಠಿಗರು ವಾಲ್ ಎನ್ನುವ, ನಾವು ಅವರೆ ಎನ್ನುವ ಕಾಳಿನಿಂದ ಅಂಥ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ಸೊಹೋನಿ ಮತ್ತು ಅವರ ಸಹೋದ್ಯೋಗಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು. ಚೆನ್ನಾಗಿ ಬೇಯಿಸಿದಾಗ ಇಂಥ ತಡೆಗಳ ಬಲ ಬಹುಮಟ್ಟಿಗೆ ಕುಗ್ಗುತ್ತದೆ. ಕಾಳನ್ನು ನೆನೆಹಾಕಿ, ಹಿಸುಕಿ, ಹದವಾಗಿ ಬೇಯಿಸುವ ನಮ್ಮ ಅಜ್ಜಿಯರ ಅಡುಗೆಯ ಕ್ರಮಕ್ಕೆ ಹೀಗೆ ಪ್ರಯೋಗಾಲಯದಿಂದ ಒಂದು ಸಮರ್ಥನೆ ದೊರೆತಂತಾಯಿತು.

ಅವರಿಗೆ ಹೆಚ್ಚಿನ ಕೀರ್ತಿ ತಂದದ್ದು ನೀರಾ ಕುರಿತ ಕೆಲಸ. ಮುಂಬಯಿಯ ರೈಲು ನಿಲ್ದಾಣಗಳ ನೀರಾ ಕೇಂದ್ರಗಳಲ್ಲಿ ಬೆಳಗ್ಗೆ ತಣ್ಣನೆಯ ಲೋಟ ಹಿಡಿದು ನಿಂತ ನೆನಪು ನಮ್ಮ ಹಿರಿಯರಿಗೆ ಇದ್ದೇ ಇರುತ್ತದೆ. ತಾಳೆ ಜಾತಿಯ ಮರಗಳಿಂದ ಇಳಿಸುವ ಈ ರಸ ಹುಳಿತರೆ ಶೇಂದಿ, ಹುಳಿಯುವ ಮೊದಲು ಸಿಹಿಯಾದ ಪೌಷ್ಟಿಕ ಪಾನೀಯ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಸೊಹೋನಿ ಇದನ್ನು ಪರೀಕ್ಷೆಗೆ ಒಳಪಡಿಸಿದರು. ಅದರಲ್ಲಿ ಕಬ್ಬಿಣ ಮತ್ತು ಸಿ ವಿಟಮಿನ್ ಇರುವುದನ್ನೂ, ರಸವನ್ನು ಕಾಯಿಸಿ ಬೆಲ್ಲ ಮಾಡಿದಾಗಲೂ ಪೋಷಕಾಂಶಗಳು ಉಳಿಯುವುದನ್ನೂ ತೋರಿಸಿದರು. ಆದಿವಾಸಿ ಸಮುದಾಯಗಳ ಅಪೌಷ್ಟಿಕ ಮಕ್ಕಳು ಹಾಗೂ ಗರ್ಭಿಣಿಯರ ಆಹಾರದಲ್ಲಿ ನೀರಾ ಸೇರಿಸಿದಾಗ ಅವರ ಆರೋಗ್ಯ ಸುಧಾರಿಸಿದ್ದು ಕಂಡುಬಂತು. ಈ ಕಾರ್ಯಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯೊಳಗಿನ ಕಬ್ಬಿಣದ ಹಿಂದೆ ಹೋದ ವಿದ್ಯಾರ್ಥಿನಿ, ಮುಂಬಯಿಯಲ್ಲಿ ರಕ್ತಹೀನ ತಾಯಂದಿರಿಗೆ ಆ ಕಬ್ಬಿಣವನ್ನು ಅಗ್ಗವಾಗಿ ತಲುಪಿಸುವುದು ಹೇಗೆಂದು ಚಿಂತಿಸಿದರು. ಎರಡೂ ಕೆಲಸಗಳ ನಡುವೆ ಅವರು ಮೇಲುಕೀಳನ್ನು ಕಾಣಲಿಲ್ಲ.

ಆರೆ ಹಾಲಿನ ಯೋಜನೆಗೂ ಗುಣಮಟ್ಟದ ವಿಷಯದಲ್ಲಿ ಅವರು ಸಲಹೆ ನೀಡಿದರು. ಆದರೆ ಅರ್ಹತೆಯಿದ್ದೂ ಸಂಸ್ಥೆಯ ನಿರ್ದೇಶಕ ಸ್ಥಾನ ಅವರಿಗೆ ನಾಲ್ಕು ವರ್ಷ ತಡವಾಗಿ ದೊರೆಯಿತೆಂದೂ, ಅದಕ್ಕೆ ಹೆಣ್ಣೆಂಬ ತಾರತಮ್ಯವೇ ಕಾರಣವೆಂದೂ ಅವರ ಬಾಳನ್ನು ಬಲ್ಲವರು ಹೇಳಿದ್ದಾರೆ. ಬೆಂಗಳೂರಿನ ಪ್ರಸಂಗವನ್ನೂ ಅವರು ಮರೆಯಲಿಲ್ಲ. ರಾಮನ್ ದೊಡ್ಡ ವಿಜ್ಞಾನಿಯಾದರೂ ಆ ವಿಷಯದಲ್ಲಿ ಸಣ್ಣ ಮನಸ್ಸು ತೋರಿದರೆಂದೂ, ಅದು ತಮಗಾದ ದೊಡ್ಡ ಅಪಮಾನವೆಂದೂ ಇಳಿವಯಸ್ಸಿನಲ್ಲಿಯೂ ನೆನಪಿಸಿಕೊಂಡರು. ರಾಮನ್ ಅವರನ್ನು ಪೂಜ್ಯಭಾವದಿಂದ ಕಾಣುವ ನಮಗೆ ಇದು ಕೇಳಲು ಹಿತವಲ್ಲ. ಆದರೂ ಕೇಳಿಸಿಕೊಳ್ಳಬೇಕು. ಕಣ್ಣೆದುರು ಪ್ರಮಾಣ ಕಂಡಾಗ ರಾಮನ್ ನಿಲುವು ಬದಲಿಸಿದ್ದು ಎಷ್ಟು ನಿಜವೋ, ಆ ಪ್ರಮಾಣವನ್ನು ಒದಗಿಸುವ ಭಾರವನ್ನು ಇಪ್ಪತ್ತೆರಡರ ಹುಡುಗಿಯೊಬ್ಬಳ ಹೆಗಲಿಗೆ ಹೊರಿಸಿದ್ದೂ ಅಷ್ಟೇ ನಿಜ.

ನಿವೃತ್ತಿಯ ನಂತರವೂ ಸೊಹೋನಿ ಸುಮ್ಮನಿರಲಿಲ್ಲ. 1966ರಲ್ಲಿ ಮುಂಬಯಿಯ ಒಂಬತ್ತು ಮಹಿಳೆಯರು ಸ್ಥಾಪಿಸಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ಕ್ರಿಯಾಶೀಲರಾಗಿದ್ದು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ ಕೀಮತ್ ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆಯ ಬಗ್ಗೆ ಸರಳವಾಗಿ ಬರೆದರು. ಸಂತೆಯಿಂದ ತಂದ ಸಾಮಾನು ಶುದ್ಧವೋ ಕಲಬೆರಕೆಯೋ ಎಂದು ಗೃಹಿಣಿ ತಿಳಿಯುವುದೂ ಅವರ ದೃಷ್ಟಿಯಲ್ಲಿ ವಿಜ್ಞಾನವೇ ಆಗಿತ್ತು.

ದೇಶದ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮೊದಲ ಮಹಿಳಾ ಮಹಾನಿರ್ದೇಶಕಿ ಡಾ. ಜಿ.ವಿ. ಸತ್ಯವತಿಯವರಿಗೆ ಈ ಹಿರಿಯ ವಿಜ್ಞಾನಿಯ ಬಾಳಿನ ಕಥೆ ತಿಳಿದಾಗ ಅಚ್ಚರಿಯಾಯಿತಂತೆ. ಪರಿಷತ್ತು ಅವರನ್ನು ದಿಲ್ಲಿಗೆ ಕರೆಸಿ ಸನ್ಮಾನಿಸಿತು. ಆ ಸಮಾರಂಭದಲ್ಲಿಯೇ ಕುಸಿದ ಕಮಲಾ ಸೊಹೋನಿ ಸ್ವಲ್ಪ ಸಮಯದಲ್ಲಿ, 1998ರಲ್ಲಿ, ಕಣ್ಮುಚ್ಚಿದರು. ಮನ್ನಣೆ ಬಂತು, ಅದನ್ನು ಸವಿಯುವ ವೇಳೆ ಮೀರಿತ್ತು.

ಇಂದು ಮುಂಬಯಿಯ ಕನ್ನಡ ಮನೆಗಳ ಹೆಣ್ಣುಮಕ್ಕಳು ಬೆಂಗಳೂರಿನ ಆ ಸಂಸ್ಥೆಗೆ ಅರ್ಜಿ ಹಾಕುವಾಗ ತಾವು ಹೆಣ್ಣೆಂಬುದಕ್ಕೆ ಯಾವ ಷರತ್ತಿಗೂ ಸಹಿ ಹಾಕಬೇಕಾಗಿಲ್ಲ. ಅವರ ಪರವಾಗಿ 1933ರಲ್ಲಿಯೇ ಒಬ್ಬರು ಸಹಿ ಹಾಕಿ, ಒಂದು ವರ್ಷದ ಪರೀಕ್ಷೆಯನ್ನು ತಾವೇ ಮುಗಿಸಿ ಹೋಗಿದ್ದಾರೆ. ಮುಂದಿನ ಸಲ ಮಾದಾಮ್ ಕಾಮಾ ರಸ್ತೆಯಲ್ಲಿ ಸಾಗುವಾಗ ಮಕ್ಕಳಿಗೆ ಆ ಕಟ್ಟಡವನ್ನು ತೋರಿಸಿ ಈ ಕಥೆಯನ್ನು ಹೇಳಿದರೆ, ಅದೇ ಡಾ. ಕಮಲಾ ಸೊಹೋನಿಯವರಿಗೆ ನಾವು ಸಲ್ಲಿಸಬಹುದಾದ ಗೌರವ.