ಮುಖವಾಡದ ಡಾಕ್ಟರ್: ಜಾನ್ ಬೋನಿಕಾ

ಹಗಲು ಮೆಡಿಕಲ್ ಕಾಲೇಜು, ಬಿಡುವಾದಾಗ ಕುಸ್ತಿ. ಜಾನ್ ಬೋನಿಕಾ ಡಾಕ್ಟರ್ ಆಗಿದ್ದು ಹೀಗೆ. 1917ರಲ್ಲಿ ಸಿಸಿಲಿ ಹತ್ತಿರದ ಫಿಲಿಕುಡಿ ಅನ್ನೋ ಪುಟ್ಟ ದ್ವೀಪದಲ್ಲಿ ಹುಟ್ಟಿ, ಹತ್ತನೇ ವಯಸ್ಸಿಗೆ ನ್ಯೂಯಾರ್ಕ್‌ಗೆ ಬಂದವರು. ಅಪ್ಪ ಬೇಗ ತೀರಿಕೊಂಡ್ರು. ಬೂಟ್ ಪಾಲಿಶ್ ಮಾಡಿ, ಪೇಪರ್ ಮಾರಿ ಬೆಳೆದ ಹುಡುಗ, ಫೀಸ್ ಕಟ್ಟೋಕೆ ಮುಖವಾಡ ಹಾಕ್ಕೊಂಡು 'ಮಾಸ್ಕ್ಡ್ ಮಾರ್ವೆಲ್' ಅನ್ನೋ ಹೆಸರಲ್ಲಿ ರಿಂಗ್‌ಗೆ ಇಳಿದ್ರು. 1941ರಲ್ಲಿ ಲೈಟ್ ಹೆವಿವೇಟ್ ಚಾಂಪಿಯನ್ ಕೂಡ ಆದ್ರು. (ಇದರ ಮುಂದೆ ನಮ್ಮ ಇಂಟರ್ನಲ್ಸ್ ಕಷ್ಟ ಹೇಳ್ಕೊಳ್ಳೋ ಹಾಗಿಲ್ಲ!) ಆದರೆ ಆಗ ಬಿದ್ದ ಪೆಟ್ಟುಗಳ ನೋವು ಸಾಯೋವರೆಗೂ ಅವರನ್ನ ಬಿಡಲಿಲ್ಲ.

1944ರಲ್ಲಿ, ಯುದ್ಧದ ಮಧ್ಯೆ, ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆಗೆ ಅರಿವಳಿಕೆ ವೈದ್ಯರಾಗಿ ಬಂದ್ರು. ಅಲ್ಲಿ ವಿಚಿತ್ರ ನೋವಿನ ಸೈನಿಕರಿದ್ದರು. ಗಾಯ ವಾಸಿಯಾಗಿದೆ, ನೋವು ಹೋಗಿಲ್ಲ. ಕಾಲನ್ನೇ ಕತ್ತರಿಸಿದ್ದಾರೆ, ಆದರೂ ಇಲ್ಲದ ಪಾದ ಉರಿಯುತ್ತೆ. ಬೋನಿಕಾ ಪುಸ್ತಕ ತಿರುವಿ ಹಾಕಿದ್ರು, ಅವುಗಳಲ್ಲಿ ನೋವಿನ ಬಗ್ಗೆ ಇದ್ದಿದ್ದು ಕೆಲವೇ ಪುಟ. ನರತಜ್ಞರು, ಮೂಳೆ ಡಾಕ್ಟರು, ಮನೋವೈದ್ಯರು, ಒಬ್ಬೊಬ್ಬರನ್ನೇ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು ಉತ್ತರ. ಕೊನೆಗೆ ಎಲ್ಲರನ್ನೂ ಊಟದ ಹೊತ್ತಲ್ಲಿ ಒಟ್ಟಿಗೆ ಕೂರಿಸಿ, ಒಬ್ಬ ರೋಗಿಯ ಬಗ್ಗೆ ಎಲ್ಲರೂ ಒಟ್ಟಿಗೆ ಮಾತಾಡೋ ಹಾಗೆ ಮಾಡಿದ್ರು. ಅವರ ನಿಜವಾದ ಆವಿಷ್ಕಾರ ಇದೇ ಅಂತ ನನಗನಿಸುತ್ತೆ. ಪ್ರತಿ ಮಾಡ್ಯೂಲ್ ಬೇರೆ ಬೇರೆಯಾಗಿ ಪಾಸ್ ಆಗಿ, ಜೋಡಿಸಿದಾಗ ಪ್ರಾಜೆಕ್ಟ್ ಓಡದೇ ಇರೋದು ನಮಗೂ ಗೊತ್ತಲ್ಲ.

1953ರಲ್ಲಿ ನೋವಿನ ನಿರ್ವಹಣೆ ಬಗ್ಗೆ ಭಾರಿ ಗ್ರಂಥ ಬರೆದ್ರು. 1960ರಲ್ಲಿ ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಸೇರಿ, ಒಬ್ಬ ನರ್ಸ್ ಮತ್ತು ಒಬ್ಬ ನ್ಯೂರೋಸರ್ಜನ್ ಜೊತೆ ನೋವಿನ ಕ್ಲಿನಿಕ್ ಶುರು ಮಾಡಿದ್ರು. 1973ರಲ್ಲಿ ನೋವಿನ ಅಧ್ಯಯನಕ್ಕೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದೂ ಅವರ ಪ್ರಯತ್ನದಿಂದಲೇ.

ಮಾರ್ಫಿನ್ ಥರದ ಓಪಿಯಾಯ್ಡ್ ಮಾತ್ರೆಗಳ ಚಟಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಅದೇ ಯೂನಿವರ್ಸಿಟಿಯ ಸೈಕಾಲಜಿಸ್ಟ್ ವಿಲ್ಬರ್ಟ್ ಫೋರ್ಡೈಸ್ ಒಂದು ವಿಷಯ ಗಮನಿಸಿದ್ರು. ನೋವು ಬಂದಾಗೆಲ್ಲ ಮಾತ್ರೆ ಕೊಟ್ರೆ, ಮಾತ್ರೆಯೇ ನೋವಿಗೆ ಸಿಗೋ ಬಹುಮಾನ ಆಗುತ್ತೆ. ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ಅದನ್ನ ಮುರಿಯೋಕೆ ಅವರು ಔಷಧಿಯನ್ನ ಸಿರಪ್‌ನಲ್ಲಿ ಬೆರೆಸಿ, ನೋವು ನೋಡಿ ಅಲ್ಲ, ಗಡಿಯಾರ ನೋಡಿ ಕೊಡಿಸಿದ್ರು. ರುಚಿ ಅದೇ, ಅಳತೆ ಅದೇ, ಒಳಗಿನ ಔಷಧಿ ಮಾತ್ರ ನಿಧಾನವಾಗಿ ಕಡಿಮೆ. ಜೊತೆಗೆ ವ್ಯಾಯಾಮ, ಮನೆಯವರಿಗೂ ತರಬೇತಿ. ಒಬ್ಬ ಡಾಕ್ಟರ್ ಒಂದು ಚೀಟಿ ಬರೆದು ಮಾಡೋ ಕೆಲಸ ಅಲ್ಲ ಇದು.

ಬೋನಿಕಾ ತಮಗೇ ಹಲವು ಆಪರೇಷನ್ ಮಾಡಿಸ್ಕೊಂಡು, ನೋವಿನ ಜೊತೆಗೇ ಕೆಲಸ ಮಾಡ್ತಾ 1994ರಲ್ಲಿ ತೀರಿಕೊಂಡ್ರು. ಎರಡೇ ವರ್ಷಕ್ಕೆ ಆಕ್ಸಿಕಾಂಟಿನ್ ಮಾತ್ರೆ ಅಮೆರಿಕದ ಮಾರ್ಕೆಟ್‌ಗೆ ಬಂತು. ಚಟದ ಅಪಾಯ ಕಡಿಮೆ ಅಂತ ತಪ್ಪು ಪ್ರಚಾರ ಮಾಡಿದ್ದನ್ನ ಕಂಪನಿ 2007ರಲ್ಲಿ ಕೋರ್ಟ್‌ನಲ್ಲಿ ಒಪ್ಪಿಕೊಳ್ತು. ಅಷ್ಟರಲ್ಲಿ ಇಡೀ ತಂಡದ ಖರ್ಚು ಕೊಡೋಕೆ ಇನ್ಶೂರೆನ್ಸ್ ಕಂಪನಿಗಳು ಹಿಂದೇಟು ಹಾಕಿ, ಅಮೆರಿಕದಲ್ಲಿ ಬೋನಿಕಾ ಮಾದರಿಯ ಎಷ್ಟೋ ಕ್ಲಿನಿಕ್‌ಗಳು ಬಾಗಿಲು ಮುಚ್ಚಿದ್ದವು.