ಮಹಬೂಬ್ ಪಾಷಾನ ಕಪಾಟು

ಹೋದ ಸೆಮ್‌ನಲ್ಲಿ ನಮ್ಮ ಕಾಲೇಜಿನಲ್ಲಿ ರೆಟ್ರೋ ಡೇ ಇತ್ತಲ್ಲ, ನೆನಪಿದೆಯಾ? ಸ್ಪೀಕರ್‌ನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡು, ಎಲ್ಲರ ತಲೆ ಮೇಲೆ ಹ್ಯಾಟು, ಕೊರಳಿಗೆ ಬೋ ಟೈ. ಆಳಂದದ ನಾನು, ಅಫಜಲಪುರದ ಒಬ್ಬ, ಜೇವರ್ಗಿಯ ಒಬ್ಬ, ನಾವು ಮೂರೂ ಜನ ರೂಮ್‌ಮೇಟ್ಸ್. ಬಾಡಿಗೆ ಕೋಟು ಹುಡುಕಿ ಸಾಕಾಗಿ ನಾನು ಊರಿಗೆ ಫೋನ್ ಮಾಡಿದೆ. ನಮ್ಮ ಮುತ್ಯಾ ಜೋರಾಗಿ ನಕ್ಕು, ಸೊಗಸಿನ ಕಥೆ ಬೇಕಾದ್ರೆ ಅಮೆರಿಕಾಕ್ಕೆ ಯಾಕ ಹೋಗ್ತಿ, ನಮ್ಮನ್ನ ಆಳಿದ ಮಹಬೂಬ್ ಪಾಷಾನ ಬಗ್ಗೆ ಓದು ಅಂದ. ಓದಿದೆ. ಓದಿದ್ದನ್ನೇ ಇಲ್ಲಿ ಬರೀತಿದ್ದೀನಿ.

1948ರ ತನಕ ನಮ್ಮ ಮೂರೂ ತಾಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮ ಅಂದ ಕೂಡಲೇ ನಮ್ಮ ಕಡೆ ಹಿರಿಯರಿಗೆ ರಜಾಕಾರರ ಕಾಲ ನೆನಪಾಗುತ್ತೆ. ಅದು ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲ. ನಾನು ಹೇಳ್ತಿರೋದು ಅವರ ತಂದೆ, ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಬಗ್ಗೆ.

ಮಹಬೂಬ್ ಹುಟ್ಟಿದ್ದು 1866ರ ಆಗಸ್ಟ್‌ನಲ್ಲಿ. 1869ರಲ್ಲಿ ತಂದೆ ತೀರಿಕೊಂಡಾಗ ವಯಸ್ಸು ಇನ್ನೂ ಮೂರು ತುಂಬಿರಲಿಲ್ಲ. ಆ ವಯಸ್ಸಿಗೇ ಗಾದಿ! ರಾಜ್ಯಭಾರ ನೋಡಿಕೊಂಡವರು ದಿವಾನ್ ಸಾಲಾರ್ ಜಂಗ್. ಈ ಹುಡುಗ ರಾಜನ ಹೆಸರಿನಲ್ಲೇ 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ರೈಲು ಓಡಿತು. ನಾವು ಇವತ್ತಿಗೂ ಹೈದರಾಬಾದಿಗೆ ಹೋಗೋದು ವಾಡಿ ಮೇಲೆಯೇ. ಅರಮನೆಯಲ್ಲಿ ಪಾರ್ಸಿ, ಉರ್ದು ಜೊತೆಗೆ ಇಂಗ್ಲಿಷ್ ಮೇಷ್ಟ್ರ ಹತ್ತಿರವೂ ಪಾಠ ಆಯ್ತು. 1884ರಲ್ಲಿ ವೈಸ್‌ರಾಯ್ ಲಾರ್ಡ್ ರಿಪನ್ ಹೈದರಾಬಾದಿಗೆ ಬಂದು ಪೂರ್ತಿ ಅಧಿಕಾರ ಒಪ್ಪಿಸಿದರು. ಆಗ ಇವರಿಗೆ ಹದಿನೇಳು ವರ್ಷ, ಅಂದ್ರೆ ನಮಗಿಂತ ಚಿಕ್ಕವರು.

ಇನ್ನು ಬಟ್ಟೆ ವಿಷಯಕ್ಕೆ ಬರ್ತೀನಿ. ಒಮ್ಮೆ ತೊಟ್ಟ ಬಟ್ಟೆಯನ್ನ ಇವರು ಎರಡನೇ ಸಲ ತೊಡ್ತಿರಲಿಲ್ಲ ಅಂತಾರೆ. ಅದು ಪೂರ್ತಿ ನಿಜವೋ ಅಲ್ಲವೋ, ಕಪಾಟು ಮಾತ್ರ ನಿಜ. ಹೈದರಾಬಾದಿನ ಪುರಾನಿ ಹವೇಲಿಯಲ್ಲಿ ಅದು ಈಗಲೂ ಇದೆ. ಕಪಾಟು ಅಂದ್ರೆ ಗೋಡೆಗೆ ಆನಿಸಿ ಇಡೋ ಸೈಜಿನದಲ್ಲ. ಕಟ್ಟಡದ ಒಂದು ಭಾಗದ ಉದ್ದಕ್ಕೂ ಎರಡು ಅಂತಸ್ತಿನಲ್ಲಿ ಹಬ್ಬಿರುವ ಮರದ ಕಪಾಟು. ಮೇಲಿನ ಅಂತಸ್ತಿಗೆ ಹೋಗೋಕೆ ಕೈಯಿಂದ ನಡೆಸುವ ಲಿಫ್ಟ್ ಬೇರೆ! ಮೆಕ್ಯಾನಿಕಲ್‌ನವರು ಅದಕ್ಕೋಸ್ಕರವಾದ್ರೂ ಒಮ್ಮೆ ಹೋಗಿ ನೋಡಬೇಕು. ಶೇರ್ವಾನಿ ಹಾಕಿದಷ್ಟೇ ಸಲೀಸಾಗಿ ಇವರು ವಿಲಾಯಿತಿ ಕೋಟು ಹಾಕ್ತಿದ್ದರು. ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ ತೆಗೆದ ಚಿತ್ರಗಳಿಂದ ಅವರ ಠೀವಿ ನಮಗೂ ನೋಡೋಕೆ ಸಿಗುತ್ತೆ. ಮೊದಲ ಜಾಝ್ ರೆಕಾರ್ಡ್ ಬಂದಿದ್ದು 1917ರಲ್ಲಿ, ಅಷ್ಟರೊಳಗೆ ಇವರ ಕಾಲವೇ ಮುಗಿದಿತ್ತು.

ಒಡವೆ ಹುಚ್ಚೂ ಇತ್ತು. 1891ರಲ್ಲಿ ಅಲೆಕ್ಸಾಂಡರ್ ಜೇಕಬ್ ಅನ್ನೋ ವ್ಯಾಪಾರಿ ಒಂದು ದೊಡ್ಡ ವಜ್ರ ತಂದ. ತೂಕ ಸುಮಾರು 185 ಕ್ಯಾರೆಟ್. ವ್ಯವಹಾರ ಕೆಟ್ಟು ಕಲ್ಕತ್ತಾ ಕೋರ್ಟಿನ ತನಕ ಹೋಯ್ತು. ಕೊನೆಗೆ ವಜ್ರ ಇವರ ಹತ್ತಿರವೇ ಉಳೀತು, ಆದ್ರೆ ಆ ತಲೆನೋವಿನಿಂದ ಅದರ ಮೇಲೆ ಮನಸ್ಸೇ ಉಳೀಲಿಲ್ಲ. ಮುಂದೆ ಮಗನಿಗೆ ಅದು ಅಪ್ಪನ ಚಪ್ಪಲಿಯ ತುದಿಯಲ್ಲಿ ಸಿಕ್ಕಿತಂತೆ. ಮಗ ಅದನ್ನ ಪೇಪರ್‌ವೇಟ್ ಮಾಡಿಕೊಂಡರಂತೆ. ಈಗ ಅದು ಭಾರತ ಸರ್ಕಾರದ ಆಸ್ತಿ.

ಇಲ್ಲಿಯ ತನಕ ಓದಿದಾಗ ನನಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮದು ಮಳೆ ನಂಬಿದ ಸೀಮೆ. ಆ ಕಪಾಟು ತುಂಬಿದ್ದು ನಮ್ಮಂಥ ಊರುಗಳ ರೈತರು ಕಟ್ಟಿದ ಕಂದಾಯದಿಂದ ತಾನೇ? ಹಾಗಿದ್ರೂ ಈ ರಾಜನ ಹೆಸರು ಹೇಳಿದ್ರೆ ಹಾವಿನ ವಿಷ ಇಳಿಯುತ್ತೆ ಅಂತ ಜನ ನಂಬಿದ್ದರಂತೆ. ಹಾವು ಕಚ್ಚಿದವರ ಸುದ್ದಿ ಬಂದರೆ ನಡುರಾತ್ರಿಯಾದ್ರೂ ತಮ್ಮನ್ನ ಎಬ್ಬಿಸಬೇಕು ಅಂತ ಇವರು ಅಪ್ಪಣೆ ಮಾಡಿದ್ದರಂತೆ. ಸೈನ್ಸ್ ಓದೋ ನಾವು ಇದನ್ನ ಒಪ್ಪಲ್ಲ, ಸರಿ. ಆದ್ರೆ ರಾಜನನ್ನ ನಿದ್ದೆಯಿಂದ ಎಬ್ಬಿಸಬಹುದು ಅನ್ನೋ ಧೈರ್ಯ ಜನಕ್ಕೆ ಎಲ್ಲಿಂದ ಬಂತು?

ಉತ್ತರ 1908ರಲ್ಲಿ ಸಿಗುತ್ತೆ ಅಂತ ನನಗನಿಸುತ್ತೆ. ಆ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ಒಳಗೆ ನುಗ್ಗಿತು. ಸತ್ತವರು ಸುಮಾರು 15,000 ಅಂತ ಅಂದಾಜು. ಮಹಬೂಬ್ ಅರಮನೆಗಳ ಬಾಗಿಲು ತೆಗೆಸಿ ಮನೆ ಕಳಕೊಂಡವರನ್ನ ಒಳಗೆ ಕರೆದರು. ನದಿ ಶಾಂತವಾಗಲಿ ಅಂತ ಪಂಡಿತರು ಹೇಳಿದ ಹಾಗೆ ಧೋತರ ಉಟ್ಟು ಆರತಿ ತಟ್ಟೆ ಹಿಡಿದು ಮೂಸಿಗೆ ಪೂಜೆ ಮಾಡಿದರು ಅಂತ ಹೈದರಾಬಾದಿನವರು ಇವತ್ತಿಗೂ ಹೇಳ್ತಾರೆ. ಅಷ್ಟು ದೊಡ್ಡ ಕಪಾಟಿನ ಯಜಮಾನ, ಆದ್ರೆ ಜನ ನೆನಪಿಟ್ಟಿದ್ದು ಒಂದು ಧೋತರ!

ಪೂಜೆಗೆ ಮಾತ್ರ ನಿಲ್ಲಲಿಲ್ಲ. ಮರುವರ್ಷ, 1909ರಲ್ಲಿ, ಸಂಸ್ಥಾನದವರು ಎಂ. ವಿಶ್ವೇಶ್ವರಯ್ಯ ಅವರನ್ನ ಕರೆಸಿದರು. ಹೌದು, ನಮ್ಮ ಎಂಜಿನಿಯರ್ಸ್ ಡೇ ವಿಶ್ವೇಶ್ವರಯ್ಯನವರೇ. ಪ್ರವಾಹದ ನೀರನ್ನ ನಗರಕ್ಕಿಂತ ಮೇಲೆಯೇ ತಡೆಹಿಡಿಯಬೇಕು ಅಂತ ಅವರು ಯೋಜನೆ ಕೊಟ್ಟರು. ಅದರಿಂದ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕೆರೆಗಳಾದವು. ಅದನ್ನ ನೋಡೋಕೆ ಮಹಬೂಬ್ ಇರಲಿಲ್ಲ. 1911ರ ಆಗಸ್ಟ್ 29ರಂದು ಫಲಕ್‌ನುಮಾ ಅರಮನೆಯಲ್ಲಿ ತೀರಿಕೊಂಡರು, ಆಗ ವಯಸ್ಸು 45. ಚಾರ್‌ಮಿನಾರ್ ಹತ್ತಿರದ ಮೆಕ್ಕಾ ಮಸೀದಿಯಲ್ಲಿ ಅವರ ಸಮಾಧಿ ಇದೆ.

ಆಮೇಲೆ ಬಂದ ಮಗ ಪೂರ್ತಿ ಉಲ್ಟಾ. 1937ರಲ್ಲಿ ಟೈಮ್ ಪತ್ರಿಕೆ ಮುಖಪುಟದಲ್ಲಿ ಹಾಕಿದಷ್ಟು ಶ್ರೀಮಂತ, ಆದ್ರೆ ಮಾಸಿದ ಬಟ್ಟೆ, ಹಳೇ ಟೋಪಿಯಲ್ಲೇ ಓಡಾಡ್ತಿದ್ದರು. ಅಪ್ಪ ದುಂದುಗಾರ, ಮಗ ಜಿಪುಣ. ಆದ್ರೂ ನಮ್ಮ ಮುತ್ಯಾನ ಬಾಯಲ್ಲಿ ಪ್ರೀತಿಯಿಂದ ಬರೋದು ಅಪ್ಪನ ಹೆಸರೇ.

ಕಲಬುರಗಿಯ ಎಂಎಸ್‌ಕೆ ಮಿಲ್ ಹೆಸರು ನೀವೂ ಕೇಳಿರ್ತೀರಿ. ಆ ಎಂ ಅಂದ್ರೆ ಮಹಬೂಬ್: ಮಹಬೂಬ್ ಶಾಹಿ ಕಲಬುರ್ಗಾ ಮಿಲ್. ಬಟ್ಟೆಗೆ ಹೆಸರಾದ ರಾಜನ ಹೆಸರು ನಮ್ಮ ಕಡೆ ಉಳಿದಿದ್ದೂ ಒಂದು ಬಟ್ಟೆ ಮಿಲ್ಲಿನಲ್ಲೇ. ಮಿಲ್ ಮುಚ್ಚಿ ಎಷ್ಟೋ ವರ್ಷ ಆಯ್ತು. ಆ ಹೆಸರಿನ ಬಸ್ ಮಾತ್ರ ದಿನಾ ಹತ್ತುತ್ತೀವಿ, ಎಂ ಅಂದ್ರೆ ಏನು ಅಂತ ಕೇಳಲ್ಲ.

ರೆಟ್ರೋ ಡೇಗೆ ನಾನು ಕೊನೆಗೆ ಹಾಕಿದ್ದು ಮುತ್ಯಾನ ಮದುವೆಯ ಕರೀ ಕೋಟು. ತೋಳು ಒಂದಿಂಚು ಗಿಡ್ಡ ಆಯ್ತು. ಮುಂದಿನ ವರ್ಷವೂ ಅದನ್ನೇ ಹಾಕ್ತೀನಿ.